ಗಿರಿಯ ಗೇಟಿನಲ್ಲಿ ಕಾರು ಎಣಿಸಿದರೆ ಸಾಲದು

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ, ಪ್ರವಾಸೋದ್ಯಮ ಇಲಾಖೆಗೆ ಹಾಗೂ ಕೆಎಸ್‌ಆರ್‌ಟಿಸಿಯ ಚಿಕ್ಕಮಗಳೂರು ವಿಭಾಗಕ್ಕೆ,

ನಮಸ್ಕಾರ.

ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆಗೆ ಹೋಗುವ ವಾಹನಗಳಿಗೆ ಮುಂಗಡ ನೋಂದಣಿ ಕಡ್ಡಾಯ ಮಾಡಿದ್ದೀರಿ. ಬೆಳಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ, ಪಾಳಿಗೆ ಇಷ್ಟೇ ವಾಹನ ಎಂದು ಮಿತಿಯನ್ನೂ ಹಾಕಿದ್ದೀರಿ. ಸಾಲು ರಜೆಯಲ್ಲಿ ಗಿರಿಯ ಗೇಟಿರುವ ಕೈಮರದಿಂದ ಮೇಲಕ್ಕೆ ಆಂಬುಲೆನ್ಸೂ ಹೋಗಲಾಗದಂತೆ ಕಾರುಗಳು ಸಿಕ್ಕಿಕೊಳ್ಳುವುದನ್ನು ಕಂಡವರಿಗೆ ಇದು ಎಷ್ಟು ಬೇಕಾಗಿದ್ದ ಕ್ರಮ ಎಂಬುದು ಗೊತ್ತು. ಆದರೆ ಎಣಿಕೆ ನಡೆಯುತ್ತಿರುವುದು ವಾಹನದ್ದು. ಇಬ್ಬರೇ ಕೂತ ಕಾರಿಗೂ ಒಂದು ಲೆಕ್ಕ, ಏಳು ಜನ ಕೂತ ಗಾಡಿಗೂ ಒಂದೇ ಲೆಕ್ಕ. ಕಾರಿಲ್ಲದೆ ಬಂದವನಿಗೆ ಮೇಲೆ ಹೋಗಲು ಸರಿಯಾದ ದಾರಿಯೇ ಇಲ್ಲ. ಗೇಟು ದಾಟಿ ಇಳಿದು ಬಂದ ಮೇಲೆ ಆ ಪ್ರವಾಸಿ ರಾತ್ರಿ ತಂಗುವ ಮನೆಯ ಶೌಚದ ನೀರು ಯಾವ ಹಳ್ಳ ಸೇರುತ್ತದೆ ಎಂಬುದನ್ನು ಎಣಿಸುವವರೂ ಇಲ್ಲ. ಈ ಪತ್ರ ಆ ಎರಡು ವಿಷಯಗಳಿಗಾಗಿ: ಕಾರಿಲ್ಲದೆ ಬರುವ ದಾರಿ ಮತ್ತು ತಂಗುವ ಮನೆಯ ನೀರು.

ಮೊದಲು ದಾರಿಯ ಲೆಕ್ಕ. ಬೆಂಗಳೂರಿನಿಂದ ಹಾಸನದ ಮೇಲೆ ಚಿಕ್ಕಮಗಳೂರಿಗೆ ಸುಮಾರು 245 ಕಿಲೋಮೀಟರು. ಲೀಟರಿಗೆ 15 ಕಿ.ಮೀ. ಕೊಡುವ ಪೆಟ್ರೋಲ್ ಕಾರು ಹೋಗಿಬರಲು 33 ಲೀಟರಿನಷ್ಟು ಕುಡಿಯುತ್ತದೆ. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಒಟ್ಟು 75 ಕಿಲೋ. ಇಬ್ಬರೇ ಬಂದರೆ ತಲೆಗೆ 37 ಕಿಲೋ, ನಾಲ್ವರು ಬಂದರೆ 19 ಕಿಲೋ. ಅದೇ ದಾರಿಯಲ್ಲಿ ಲೀಟರ್ ಡೀಸೆಲಿಗೆ 4 ಕಿ.ಮೀ. ಓಡುವ ಬಸ್ಸಿನಲ್ಲಿ 40 ಜನ ಕೂತಿದ್ದರೆ ಹೋಗಿಬಂದದ್ದಕ್ಕೆ ತಲೆಗೆ 8 ಕಿಲೋ ಚಿಲ್ಲರೆ. ಇನ್ನೊಂದು ಮಾತು ಇದೇ ಲೆಕ್ಕದಲ್ಲಿದೆ. ಒಂದು ರಾತ್ರಿ ತಂಗಿದರೂ ನಾಲ್ಕು ರಾತ್ರಿ ತಂಗಿದರೂ ದಾರಿಯ ಹೊಗೆ ಅಷ್ಟೇ. ವರ್ಷಕ್ಕೆ ಎರಡು ಸಲ ಶನಿವಾರ ಓಡಿಬಂದು ಭಾನುವಾರ ಓಡಿಹೋಗುವುದಕ್ಕಿಂತ ಒಮ್ಮೆ ಬಂದು ನಾಲ್ಕು ದಿನ ಇದ್ದುಹೋಗುವುದು ಗಿರಿಗೂ ಹಗುರ, ಹೋಂಸ್ಟೇ ಮಾಲೀಕರ ಕೈಗೂ ಹೆಚ್ಚು ದುಡ್ಡು.

ಹಾಗಿದ್ದರೂ ಜನ ಕಾರನ್ನೇ ಏಕೆ ತರುತ್ತಾರೆ? ಬಸ್ಸಿಲ್ಲ ಎಂದಲ್ಲ. ಬೆಂಗಳೂರಿನಿಂದ ರಾತ್ರಿ ಹೊರಟ ಬಸ್ಸು ಬೆಳಗಿನ ಜಾವ ಚಿಕ್ಕಮಗಳೂರು ನಿಲ್ದಾಣದಲ್ಲಿ ಇಳಿಸಿಬಿಡುತ್ತದೆ. ಹೋಂಸ್ಟೇಯಲ್ಲಿ ಕೋಣೆ ಸಿಗುವುದು ಮಧ್ಯಾಹ್ನ. ಆ ಏಳೆಂಟು ಗಂಟೆ ಮಕ್ಕಳನ್ನೂ ಬ್ಯಾಗನ್ನೂ ಹೊತ್ತು ಚಳಿಯಲ್ಲಿ ನಿಲ್ಲುವವರು ಯಾರು? ಹೋಂಸ್ಟೇ ಇರುವುದೂ ಟಾರು ರಸ್ತೆಯಿಂದ ಎರಡು ಮೂರು ಕಿ.ಮೀ. ಒಳಗೆ, ತೋಟದ ನಡುವೆ. ಅಲ್ಲಿಗೆ ಬಸ್ಸು ಹೋಗುವುದಿಲ್ಲ. ಗಿರಿಗೆ ಹೋಗಬೇಕೆಂದರೆ ಬಾಡಿಗೆ ಜೀಪು, ಪೂರ್ತಿ ಗಾಡಿಯ ಬಾಡಿಗೆ ಇಬ್ಬರ ಮೇಲೆ ಬಿದ್ದರೆ ಭಾರ. ಈ ಮೂರು ಗಂಟುಗಳನ್ನು ಬಿಡಿಸದೆ 'ಸಾರ್ವಜನಿಕ ಸಾರಿಗೆ ಬಳಸಿ' ಎಂದು ಫಲಕ ಹಾಕಿದರೆ ಯಾರೂ ಬಳಸುವುದಿಲ್ಲ.

ಬಿಡಿಸುವುದು ದೊಡ್ಡ ಕೆಲಸವೂ ಅಲ್ಲ. ಬಸ್ ನಿಲ್ದಾಣದಲ್ಲಿ ಹಣ ಕೊಟ್ಟು ಬಳಸುವ ನಾಲ್ಕೈದು ಸ್ನಾನದ ಮನೆ, ಬಿಸಿನೀರು, ಬೀಗ ಹಾಕುವ ಸಾಮಾನು ಪೆಟ್ಟಿಗೆ, ಇಷ್ಟಾದರೆ ಬೆಳಗಿನ ಜಾವ ಇಳಿದವರು ಮುಖ ತೊಳೆದು, ಸಾಮಾನು ಇಟ್ಟು, ತಿಂಡಿ ತಿಂದು ನೇರ ಗಿರಿಯ ಬಸ್ಸು ಹತ್ತಬಹುದು. ಮಧ್ಯಾಹ್ನ ಇಳಿದು ಬಂದಾಗ ಕೋಣೆ ಸಿದ್ಧವಿರುತ್ತದೆ. ಒಂದೇ ದಿಕ್ಕಿನ ಐದಾರು ಹೋಂಸ್ಟೇಗಳು ಸೇರಿ ಒಂದು ಜೀಪು ಗೊತ್ತುಮಾಡಿ, ದಿನಕ್ಕೆ ಎರಡು ಹೊತ್ತು ನಿಲ್ದಾಣಕ್ಕೆ ಕಳಿಸಿದರೆ ಕೊನೆಯ ಮೂರು ಕಿ.ಮೀ. ಚಿಂತೆ ತೀರಿತು. ಆ ಹೊತ್ತನ್ನು ಕೋಣೆ ಕಾದಿರಿಸುವಾಗಲೇ ಅತಿಥಿಗೆ ತಿಳಿಸಬೇಕು. ಬಂದಿಳಿದ ಮೇಲೆ ಹೇಳಿದರೆ ಅವರು ಕಾರಿನಲ್ಲೇ ಬಂದಿರುತ್ತಾರೆ.

ರೈಲಿನದ್ದೂ ಇದೇ ಕತೆ. ಕಡೂರು–ಚಿಕ್ಕಮಗಳೂರು ಮಾರ್ಗ 2013ರಿಂದ ಇದೆ. ಆದರೆ ಬೆಂಗಳೂರು–ಹುಬ್ಬಳ್ಳಿ ಮಾರ್ಗದ ಹೆಚ್ಚಿನ ರೈಲುಗಳು ಸಿಗುವುದು ಕಡೂರು, ಬೀರೂರಿನಲ್ಲಿ. ಕಡೂರಿನಲ್ಲಿ ಇಳಿದವರಿಗೆ ರೈಲಿನ ಹೊತ್ತಿಗೆ ಹೊಂದುವ ಬಸ್ಸು ಬೇಕು. ರೈಲು ಬಂದ 15 ನಿಮಿಷಕ್ಕೆ ಹೊರಡುವ ಬಸ್ಸು ರೈಲು ತಡವಾದರೆ ಕಾಯಬೇಕು, ಎಷ್ಟು ಹೊತ್ತು ಕಾಯಬಹುದು ಎಂಬುದು ಚಾಲಕರ ಕೈಯಲ್ಲಿ ಬರಹದಲ್ಲಿರಬೇಕು. ಒಂದೇ ಒಂದು ಸಲ ಕಣ್ಣೆದುರೇ ಬಸ್ಸು ಹೊರಟುಹೋದರೆ ಆ ಕುಟುಂಬ ಮುಂದೆಂದೂ ರೈಲಿನಲ್ಲಿ ಬರುವುದಿಲ್ಲ. ಹಾಸನ ಜಿಲ್ಲೆಯವರಿಗೆ ಇದರಲ್ಲಿ ಅನುಕೂಲ ಹೆಚ್ಚು: 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೇಲಿನ ಮಾರ್ಗ ತೆರೆದ ಮೇಲೆ ಬೆಂಗಳೂರಿನಿಂದ ಹಾಸನ, ಸಕಲೇಶಪುರಕ್ಕೆ ರೈಲು ನೇರ ದಾರಿಯಾಗಿದೆ.

ಈಗ ಗಿರಿಯ ರಸ್ತೆಗೆ ಬರೋಣ. ಒಂದು ಪಾಳಿಗೆ 600 ವಾಹನ, ಗಾಡಿಗೆ ಸರಾಸರಿ ಮೂವರು ಎಂದಿಟ್ಟುಕೊಳ್ಳಿ, 1,800 ಜನ. ಇಷ್ಟೇ ಜನರನ್ನು 25 ಸೀಟಿನ ಮಿನಿ ಬಸ್ಸಿನಲ್ಲಿ ಮೇಲಕ್ಕೆ ಒಯ್ಯಲು ಎಷ್ಟು ಬಸ್ಸು ಬೇಕು? ಹತ್ತಲು 45 ನಿಮಿಷ, ಇಳಿಯಲು 45, ಎರಡೂ ತುದಿಯಲ್ಲಿ ಜನ ಹತ್ತಿ ಇಳಿಯಲು ತಲಾ 15 ನಿಮಿಷ. ಒಂದು ಸುತ್ತಿಗೆ ಎರಡು ಗಂಟೆ. ಆರು ಗಂಟೆಯ ಪಾಳಿಯಲ್ಲಿ ಒಂದು ಬಸ್ಸು ಮೂರು ಸುತ್ತು ಹೊಡೆದು 75 ಜನರನ್ನು ಒಯ್ಯುತ್ತದೆ. 1,800 ಜನಕ್ಕೆ 24 ಬಸ್ಸು. ಆರುನೂರು ಕಾರಿನ ಜಾಗದಲ್ಲಿ ಇಪ್ಪತ್ತನಾಲ್ಕು ಬಸ್ಸು.

ಕಾಗದದ ಮೇಲೆ ಇದು ಸರಾಗ. ರಸ್ತೆಯ ಮೇಲೆ ಎರಡು ಕಡೆ ಎಡವುತ್ತದೆ, ಎರಡನ್ನೂ ಮೊದಲೇ ಯೋಚಿಸಬೇಕು.

ಮೊದಲನೆಯದು, ಎಲ್ಲರಿಗೂ ಸೂರ್ಯೋದಯವೇ ಬೇಕು. ಮೊದಲ ಸುತ್ತಿನಲ್ಲಿ 24 ಬಸ್ಸಿಗೆ ಹಿಡಿಸುವುದು 600 ಜನ ಮಾತ್ರ. ಬೆಳಗ್ಗೆ ಆರಕ್ಕೆ ಸಾವಿರ ಜನ ಸಾಲು ನಿಂತರೆ ಗಲಾಟೆ ಖಂಡಿತ. ಆದ್ದರಿಂದ ಟಿಕೆಟ್ಟಿನ ಮೇಲೆ 'ಬೆಳಗಿನ ಪಾಳಿ' ಎಂದಷ್ಟೇ ಬರೆದರೆ ಸಾಲದು, ಅರ್ಧ ಗಂಟೆಯ ಹೊತ್ತು ನಮೂದಾಗಿರಬೇಕು. ಮೊದಲ ಒಂದೂವರೆ ಗಂಟೆಯ ಟಿಕೆಟ್ಟಿಗೆ ಸ್ವಲ್ಪ ಹೆಚ್ಚು ದರ, ಒಂಬತ್ತರ ನಂತರದ್ದಕ್ಕೆ ಕಡಿಮೆ ದರ ಇಟ್ಟರೆ ಒತ್ತಡ ತಾನಾಗಿ ಹರಡುತ್ತದೆ. ಮೇಲೆ ಹೋದವರು ಇಳಿಯುವುದೂ ಒಟ್ಟಿಗೇ. ಹತ್ತೂವರೆ, ಹನ್ನೊಂದಕ್ಕೆ ಮೇಲಿನ ನಿಲುಗಡೆಯಲ್ಲಿ ಜನ ಗುಂಪುಗೂಡುತ್ತಾರೆ. ಆ ಹೊತ್ತಿಗೆ ಕೆಳಗೆ ಕಾಯುವ ಬಸ್ಸುಗಳನ್ನು ಖಾಲಿಯಾದರೂ ಮೇಲಕ್ಕೆ ಕಳಿಸಬೇಕಾಗುತ್ತದೆ. ಮೇಲೊಬ್ಬರು, ಕೆಳಗೊಬ್ಬರು ವಾಕಿಟಾಕಿ ಹಿಡಿದು ನಿಲ್ಲಬೇಕು. ಮಂಜು, ಮಳೆಯಲ್ಲಿ ಮೊಬೈಲನ್ನು ನಂಬಿ ಕೂರಲಾಗದು.

ಎರಡನೆಯದು ರಸ್ತೆಯ ಅಗಲ. 24 ಬಸ್ಸುಗಳು ಎರಡು ಗಂಟೆಯ ಸುತ್ತಿನಲ್ಲಿ ಓಡಿದರೆ ಐದು ನಿಮಿಷಕ್ಕೊಂದು ಬಸ್ಸು ಹೊರಡುತ್ತದೆ. ಹತ್ತುತ್ತಿರುವ ಬಸ್ಸಿಗೆ ಎರಡೂವರೆ ನಿಮಿಷಕ್ಕೊಮ್ಮೆ ಇಳಿಯುವ ಬಸ್ಸು ಎದುರಾಗುತ್ತದೆ; ಮೇಲೆ ಮುಟ್ಟುವಷ್ಟರಲ್ಲಿ ಹದಿನೆಂಟು ಸಲ. ಇಷ್ಟು ಸಲ ಪಕ್ಕ ಕೊಡುವಷ್ಟು ರಸ್ತೆ ಅಲ್ಲಿಲ್ಲ, ಅಗಲ ಮಾಡಲು ಹೊರಟರೆ ಗುಡ್ಡ ಕಡಿಯಬೇಕು, ಕಡಿದ ಗುಡ್ಡ ಮುಂದಿನ ಜುಲೈನಲ್ಲಿ ರಸ್ತೆಗೇ ಬಂದು ಕೂರುತ್ತದೆ. ಅದರ ಬದಲು ಐದೈದು ಬಸ್ಸನ್ನು ಒಂದು ತಂಡವಾಗಿ 25 ನಿಮಿಷಕ್ಕೊಮ್ಮೆ ಬಿಡಿ. ಆಗ ಎದುರು ತಂಡ ಸಿಗುವುದು ಹನ್ನೆರಡೂವರೆ ನಿಮಿಷಕ್ಕೊಮ್ಮೆ, ಇಡೀ ಹತ್ತುದಾರಿಯಲ್ಲಿ ಮೂರು ನಾಲ್ಕು ಸಲ. ಆ ಮೂರು ನಾಲ್ಕು ಜಾಗಗಳನ್ನು ಈಗಾಗಲೇ ಅಗಲವಿರುವ ತಿರುವುಗಳಲ್ಲೇ ಗುರುತಿಸಿ, ಇಳಿಯುವ ಬಸ್ಸು ಅಲ್ಲಿ ನಿಂತು ಹತ್ತುವ ಬಸ್ಸಿಗೆ ದಾರಿ ಕೊಡಬೇಕೆಂದು ನಿಯಮ ಮಾಡಿದರೆ ಒಂದು ಬುಟ್ಟಿ ಮಣ್ಣೂ ತೆಗೆಯಬೇಕಾಗಿಲ್ಲ. ಹತ್ತುವ ಗಾಡಿಗೆ ಮೊದಲ ಹಕ್ಕು ಎಂಬುದು ಘಾಟಿಯ ಹಳೆಯ ರೂಢಿ. ನಡು ಏರಿನಲ್ಲಿ ನಿಂತ ಭಾರದ ಗಾಡಿಯನ್ನು ಮತ್ತೆ ಎಬ್ಬಿಸುವುದು ಕ್ಲಚ್ಚಿಗೂ ಇಂಧನಕ್ಕೂ ಕಷ್ಟ.

ವಿದ್ಯುತ್ ಬಸ್ಸಿನ ಮಾತು ಬಂದಾಗ ಗಿರಿಯ ಏರಿಗೆ ಆಗದು ಎನ್ನುವವರಿದ್ದಾರೆ. ಆರು ಟನ್ನಿನ ಮಿನಿ ಬಸ್ಸನ್ನು 700 ಮೀಟರ್ ಎತ್ತರಕ್ಕೆ ಎತ್ತಲು ಬೇಕಾದ ಶಕ್ತಿ ಸುಮಾರು 11 ಯೂನಿಟ್. ರಸ್ತೆಯ ತಿಕ್ಕಾಟ, ಮೋಟಾರಿನ ನಷ್ಟ ಇದರ ಮೇಲೆ. ಇಳಿಯುವಾಗ ಮೋಟಾರೇ ಬ್ರೇಕಿನ ಕೆಲಸ ಮಾಡಿ ಅದರಲ್ಲೊಂದು ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ. ಇಲ್ಲೊಂದು ಎಚ್ಚರ ಬೇಕು. ಚಾರ್ಜಿಂಗ್ ಕೇಂದ್ರವನ್ನು ಗಿರಿಯ ಮೇಲೆ ಕಟ್ಟಬಾರದು. ಮೇಲೆ ತುಂಬಿಸಿಕೊಂಡ ಬ್ಯಾಟರಿಗೆ ಇಳಿಜಾರಿನಲ್ಲಿ ಬರುವ ಶಕ್ತಿ ಹಿಡಿಸುವುದಿಲ್ಲ, ಆಗ ಇಡೀ ಭಾರ ಮಾಮೂಲಿ ಬ್ರೇಕಿನ ಮೇಲೆ ಬೀಳುತ್ತದೆ. ಕೆಳಗೆ, ಊರಿನಲ್ಲಿ ತುಂಬಿಸಬೇಕು. ಅಂಥ ಬಸ್ಸು ಸಿಗುವತನಕ ಡೀಸೆಲ್ ಬಸ್ಸಿನಿಂದಲೇ ಶುರುವಾಗಲಿ; ಅದಕ್ಕಾಗಿ ವರ್ಷಗಟ್ಟಲೆ ಕಾಯುವುದು ಬೇಡ.

ಜೀಪು, ಟ್ಯಾಕ್ಸಿ ಚಾಲಕರನ್ನು ಹೊರಗಿಟ್ಟು ಈ ಯೋಜನೆ ಮಾಡಿದರೆ ಅದು ನ್ಯಾಯವೂ ಅಲ್ಲ, ನಡೆಯುವುದೂ ಇಲ್ಲ. ಆ ರಸ್ತೆಯ ಒಂದೊಂದು ತಿರುವೂ ಅವರಿಗೆ ಗೊತ್ತು. ಸೋಮವಾರದಿಂದ ಗುರುವಾರದವರೆಗೆ ಜನ ಕಡಿಮೆ, ಆಗ ಮಿನಿ ಬಸ್ಸು ಓಡಿಸುವುದು ನಷ್ಟ. ಆ ದಿನಗಳಲ್ಲಿ ಸೀಟಿನ ಲೆಕ್ಕದಲ್ಲಿ ಜೀಪುಗಳೇ ಓಡಲಿ, ಸರದಿಯ ಮೇಲೆ, ನಿಗದಿತ ದರಕ್ಕೆ. ಶುಕ್ರವಾರದಿಂದ ಭಾನುವಾರದವರೆಗೆ ಬಸ್ಸು, ಅದಕ್ಕೆ ಚಾಲಕರಾಗಿಯೂ ಮಾಲೀಕರ ಸಹಕಾರ ಸಂಘವಾಗಿಯೂ ಇವರಿಗೇ ಮೊದಲ ಅವಕಾಶ. ಹಣದ ಲೆಕ್ಕವೂ ಕೂಡಿಬರುತ್ತದೆ. ಹೋಗಿಬರುವ ದಾರಿ 30 ಕಿ.ಮೀ. ಎಂದು ಹಿಡಿದರೆ ದಿನಕ್ಕೆ ಆರು ಸುತ್ತಿಗೆ 180 ಕಿ.ಮೀ., ಡೀಸೆಲು 45 ಲೀಟರ್, ಅಂದರೆ ಸುಮಾರು ನಾಲ್ಕು ಸಾವಿರ ರೂಪಾಯಿ. ತಲೆಗೆ 100 ರೂಪಾಯಿಯಂತೆ ಸೀಟು ತುಂಬಿದರೆ 15,000 ಬರುತ್ತದೆ, ಅರ್ಧ ತುಂಬಿದರೂ ಏಳೂವರೆ ಸಾವಿರ. ಚಾಲಕರ ಸಂಬಳ, ಟೈರು, ಬ್ರೇಕು, ಸಾಲದ ಕಂತು ಎಲ್ಲ ಇದರಲ್ಲೇ ಆಗಬೇಕು. ಅರ್ಧಕ್ಕಿಂತ ಕೆಳಗಿಳಿದ ದಿನ ಜಿಲ್ಲಾಡಳಿತ ಪ್ರವೇಶ ಶುಲ್ಕದಿಂದ ಕೈಹಿಡಿಯಬೇಕಾಗುತ್ತದೆ ಎಂಬುದನ್ನು ಮೊದಲೇ ಒಪ್ಪಂದದಲ್ಲಿ ಬರೆಯಿರಿ.

ಕಾರು ನಿಲ್ಲಿಸುವ ಜಾಗ ಎಲ್ಲಿ ಎಂಬ ಪ್ರಶ್ನೆ ಉಳಿಯಿತು. ತಿರುಗಿಸುವ ಜಾಗವೂ ಸೇರಿ ಒಂದು ಕಾರಿಗೆ 25 ಚದರ ಮೀಟರ್ ಬೇಕು. 600 ಕಾರಿಗೆ 15,000 ಚದರ ಮೀಟರ್, ಎಂದರೆ ಮೂರೂ ಮುಕ್ಕಾಲು ಎಕರೆಗೆ ಹತ್ತಿರ. ಇದನ್ನು ಗಿರಿಯ ತಪ್ಪಲಲ್ಲಿ ಹುಲ್ಲು ಕೆರೆದು, ಗದ್ದೆ ತುಂಬಿಸಿ ಮಾಡಬಾರದು. ಊರಿನೊಳಗೆ ಈಗಾಗಲೇ ಇರುವ ಮೈದಾನ, ಸಂತೆ ಇಲ್ಲದ ದಿನದ ಸಂತೆ ಮಾಳ, ರಜಾ ದಿನ ಖಾಲಿ ಇರುವ ಕಚೇರಿ ಅಂಗಳಗಳಲ್ಲೇ ಹಂಚಿ ನಿಲ್ಲಿಸಬಹುದು. ಊರಿನಲ್ಲಿ ಕಾರು ನಿಂತರೆ ಊರಿನ ಹೋಟೆಲಿಗೂ ವ್ಯಾಪಾರ.

ನೀಲಗಿರಿ ಜಿಲ್ಲೆಯನ್ನು ನೋಡಿ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಿಂದ ಅಲ್ಲಿ ಇ-ಪಾಸ್ ಇದೆ. 2025ರ ಬೇಸಿಗೆಯಲ್ಲಿ ವಾರದ ದಿನ 6,000, ವಾರಾಂತ್ಯದಲ್ಲಿ 8,000 ಪ್ರವಾಸಿ ವಾಹನ ಎಂಬ ಮಿತಿ ಬಂತು. ಅದರಲ್ಲಿ ಗಮನಿಸಬೇಕಾದ್ದು ಸಂಖ್ಯೆಯಲ್ಲ. ಸಾರ್ವಜನಿಕ ಸಾರಿಗೆಯಲ್ಲಿ ಬರುವವರನ್ನು ಆ ಮಿತಿಯಿಂದ ಹೊರಗಿಟ್ಟದ್ದು. ಕಾರಿಗೆ ಪಾಸು ಸಿಗದಿದ್ದರೂ ಬಸ್ಸು ಹತ್ತಿ ಬರಬಹುದು. ನಮ್ಮಲ್ಲಿ ಕಾರಿಗೆ ನೋಂದಣಿ ಸಿಗದಿದ್ದರೆ ಪ್ರವಾಸವೇ ಇಲ್ಲ. ಇದೊಂದು ವ್ಯತ್ಯಾಸವನ್ನು ಸರಿಪಡಿಸಿದರೆ ಮಿತಿ ಹಾಕಿದ್ದಕ್ಕೆ ಜನರ ಸಿಟ್ಟೂ ಕಡಿಮೆಯಾಗುತ್ತದೆ.

ಬಸ್ಸು ಬರುವವರೆಗೆ ಕಾರಿನಲ್ಲಿ ಹತ್ತುವವರಿಗೂ ಒಂದು ಮಾತು ಕೈಮರದಲ್ಲೇ ಹೇಳಿ ಕಳಿಸಬೇಕು. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಬಯಲುಸೀಮೆಯ ಅಭ್ಯಾಸದಂತೆ ಬ್ರೇಕನ್ನೇ ಒತ್ತಿಹಿಡಿದು ಇಳಿದರೆ ಪ್ಯಾಡು ಕಾದು, ಸುಟ್ಟ ವಾಸನೆ ಬಂದು, ಕೊನೆಗೆ ಪೆಡಲು ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಆಟೋಮ್ಯಾಟಿಕ್ ಕಾರಿನವರು ಎಲ್ ಅಥವಾ ಮ್ಯಾನುಯಲ್ ಮೋಡಿಗೆ ಹಾಕಬೇಕು. ಗಾಡಿಯನ್ನು ಡಿ ಯಲ್ಲೇ ಬಿಟ್ಟರೆ ಎಂಜಿನ್ ಹಿಡಿತ ಸಿಗದು. ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ಮಂಜಿಗೇ ಬಡಿದು ಕಣ್ಣಿಗೆ ಮರಳುತ್ತದೆ, ಲೋಬೀಮಿನಲ್ಲೇ ಹೋಗಬೇಕು. ಸುಟ್ಟ ಕ್ಲಚ್ಚಿನ ಒಂದು ಕಾರು ತಿರುವಿನಲ್ಲಿ ನಿಂತರೆ ಹಿಂದಿನ ನೂರು ಕಾರು ಎಂಜಿನ್ ಚಾಲೂ ಇಟ್ಟು ನಿಲ್ಲುತ್ತವೆ. ಆ ಹೊಗೆಗೆ ಲೆಕ್ಕವೇ ಇಲ್ಲ.

ಕಾರು ಟಾರು ಬಿಟ್ಟು ಹುಲ್ಲಿಗೆ ಇಳಿಯುವುದಂತೂ ಕ್ಷಮಿಸಬಾರದ ತಪ್ಪು. ಈ ಗಿರಿಗಳೆಲ್ಲ ಸೇರಿದ ಚಂದ್ರದ್ರೋಣ ಪರ್ವತದ ನೆತ್ತಿಯ ಮೇಲೆ ಬಂಡೆಯ ಮೇಲಿನ ಮಣ್ಣು ಕೆಲವೆಡೆ ಒಂದು ಗೇಣೂ ಇಲ್ಲ. ಹುಲ್ಲಿನ ಬೇರು ಆ ಮಣ್ಣನ್ನು ಹಿಡಿದಿದೆ, ಆ ಮಣ್ಣು ಮಳೆಯನ್ನು ಹಿಡಿದು ನಿಧಾನವಾಗಿ ಕಣಿವೆಯ ಶೋಲಾ ಕಾಡಿಗೆ ಬಿಡುತ್ತದೆ. ಬೇಸಿಗೆಯಲ್ಲೂ ಹಳ್ಳ ಹರಿಯುವುದು ಹಾಗೆ. ಟೈರಿನ ಅಡಿಯಲ್ಲಿ ಮಣ್ಣು ಅದುಮಿಹೋದರೆ ನೀರು ಇಂಗುವುದಿಲ್ಲ, ಚಕ್ರದ ಗೆರೆಯಲ್ಲೇ ಓಡುತ್ತದೆ. ಒಂದು ಮಳೆಗಾಲಕ್ಕೆ ಗೆರೆ ಕೊರಕಲಾಗುತ್ತದೆ, ಎರಡನೆಯದಕ್ಕೆ ಅಂಚು ಕುಸಿಯುತ್ತದೆ. ಯಗಚಿ ಹುಟ್ಟುವುದೂ, ವೇದಾ, ಅವತಿ ಹುಟ್ಟುವುದೂ ಇದೇ ಗುಡ್ಡಸಾಲಿನಲ್ಲಿ. ಬೇಲೂರಿನವರ ನೀರೂ ಕಡೂರಿನ ಬಯಲಿನವರ ಕೆರೆಯ ನೀರೂ ಈ ಹುಲ್ಲಿನ ಋಣದಲ್ಲಿದೆ. 2022ರಲ್ಲಿ ಕುರಿಂಜಿ ಅರಳಿದಾಗ ಜನ ಹೂವಿನ ನಡುವೆ ನುಗ್ಗಿ, ಕೊಂಬೆ ಕಿತ್ತು ಫೋಟೋ ತೆಗೆಸಿಕೊಂಡರು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಕುರಿಂಜಿ ಒಮ್ಮೆ ಹೂಬಿಟ್ಟು, ಬೀಜ ಉದುರಿಸಿ, ಸಾಯುತ್ತದೆ. ಬೀಜವಾಗುವ ಮೊದಲೇ ಕಿತ್ತರೆ ಆ ಜಾಗದಲ್ಲಿ ಮುಂದಿನ ಪೀಳಿಗೆಯೇ ಇಲ್ಲ. ಮುಂದಿನ ಹೂವಿನ ಕಾಲಕ್ಕೆ ರಸ್ತೆಯಂಚಿಗೆ ಹಗ್ಗ ಕಟ್ಟಿ, ನಡೆಯಲು ಒಂದೇ ದಾರಿ ಬಿಡುವ ಸಿದ್ಧತೆ ಈಗಲೇ ಆಗಲಿ.

ಇನ್ನು ರಾತ್ರಿ ತಂಗುವ ಮನೆ. ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕಣ್ಣಿಗೆ ಕಾಣದ ಹಾನಿ ಇಲ್ಲಿದೆ.

ತೋಟದ ಹಳೆಯ ಮನೆಯನ್ನು ಹೋಂಸ್ಟೇ ಮಾಡಿದಾಗ ಕೋಣೆಗೆ ಬಣ್ಣ ಬರುತ್ತದೆ, ಶವರ್ ಬರುತ್ತದೆ, ಗುಂಡಿ ಮಾತ್ರ ಹಳೆಯದೇ ಇರುತ್ತದೆ. ಐದು ಜನದ ಮನೆಗೆಂದು ಕಟ್ಟಿದ ಸೆಪ್ಟಿಕ್ ಟ್ಯಾಂಕ್ ಒಂದೂವರೆ ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ, ಒಂದು ಮೀಟರ್ ಆಳ ಎಂದುಕೊಳ್ಳಿ. ಹಿಡಿಸುವುದು 1,100 ಲೀಟರ್. ಶನಿವಾರ 25 ಅತಿಥಿಗಳು ಬಂದು, ಸ್ನಾನದ ನೀರೂ ಶೌಚದ ನೀರೂ ಸೇರಿ ತಲೆಗೆ 120 ಲೀಟರ್ ಬಳಸಿದರೆ 3,000 ಲೀಟರ್ ಆ ಟ್ಯಾಂಕಿಗೆ ನುಗ್ಗುತ್ತದೆ. ಮಲ ತಳಕ್ಕೆ ಕೂರಲು ನೀರು ಕನಿಷ್ಠ ಒಂದು ದಿನ ನಿಲ್ಲಬೇಕು. ಇಲ್ಲಿ ಒಂಬತ್ತು ಗಂಟೆಯೂ ನಿಲ್ಲುವುದಿಲ್ಲ. ಟ್ಯಾಂಕಿನ ಅರ್ಧ ಹಳೆಯ ಕೆಸರೇ ತುಂಬಿದ್ದರೆ ನಾಲ್ಕೂವರೆ ಗಂಟೆ. ಕೂರಬೇಕಾದ ಕೆಸರು ತೇಲಿಕೊಂಡು ಇಂಗುಗುಂಡಿಗೆ ಹೋಗಿ ಅದರ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತದೆ. ಇಂಗುಗುಂಡಿ ಉಕ್ಕುತ್ತದೆ, ಯಾರೋ ಒಂದು ಪೈಪು ಹಾಕಿ ಅದನ್ನು ಹಳ್ಳಕ್ಕೆ ತಿರುಗಿಸುತ್ತಾರೆ. ಕೆಳಗಿನ ಲೈನ್ ಮನೆಯ ಕೂಲಿಯವರು ಪಾತ್ರೆ ತೊಳೆಯುವುದು ಅದೇ ಹಳ್ಳದಲ್ಲಿ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪಿಂಗ್ ನೀರನ್ನು ಹಳ್ಳಕ್ಕೆ ಬಿಡಬಾರದೆಂದು ಪ್ಲಾಂಟರುಗಳಿಗೆ ಕಟ್ಟುನಿಟ್ಟಿದೆ. ಹೋಂಸ್ಟೇ ನೀರಿಗೂ ಅದೇ ಕಟ್ಟು ಇರಲಿ.

ಇದಕ್ಕೆ ಅತಿ ಅಗ್ಗದ ಪರಿಹಾರ ಒಂದು ಪೈಪು. ಸ್ನಾನದ, ಪಾತ್ರೆಯ, ಬಟ್ಟೆಯ ನೀರನ್ನು ಸೆಪ್ಟಿಕ್ ಟ್ಯಾಂಕಿನಿಂದ ಬೇರೆ ಮಾಡಿ. ಶೌಚಕ್ಕೆ ತಲೆಗೆ 40 ಲೀಟರ್ ಹಿಡಿದರೆ 25 ಜನರಿಗೆ 1,000 ಲೀಟರ್. ಕೆಸರು ತೆಗೆಸಿದ ಆ ಹಳೆಯ ಟ್ಯಾಂಕೇ ಒಂದು ದಿನ ಹಿಡಿದು ನಿಲ್ಲಿಸುತ್ತದೆ. ಹೊಸದಾಗಿ ಕಟ್ಟುವವರು ಎರಡು ಕೋಣೆಯದ್ದು ಕಟ್ಟಬೇಕು, ಮೊದಲನೆಯದು ಮೂರರಲ್ಲಿ ಎರಡು ಪಾಲು. ಒಳಬರುವ ಮತ್ತು ಹೊರಹೋಗುವ ಎರಡೂ ಬಾಯಿಗೆ ಟಿ ಆಕಾರದ ಪೈಪು ಬೇಕು. ಅದಿಲ್ಲದಿದ್ದರೆ ಮೇಲೆ ತೇಲುವ ಹೊದಿಕೆ ನೇರ ಹೊರಗೆ ಹೋಗುತ್ತದೆ. ಆಸಿಡ್, ಬ್ಲೀಚಿಂಗ್ ಪುಡಿ, ಫಿನಾಯಿಲ್ ಸುರಿದು ಕಮೋಡು ತೊಳೆದರೆ ಟ್ಯಾಂಕಿನ ಬ್ಯಾಕ್ಟೀರಿಯಾ ಸತ್ತು ಮಲ ಕೊಳೆಯುವುದೇ ನಿಲ್ಲುತ್ತದೆ. ಸಾಬೂನಿನ ನೀರು, ಬ್ರಷ್ಷು ಸಾಕು. ಪ್ರತಿ ಶೌಚಾಲಯದಲ್ಲೂ ಮುಚ್ಚಳವಿರುವ ಕಸದ ಡಬ್ಬಿ ಇರಲೇಬೇಕು, ಇಲ್ಲದಿದ್ದರೆ ಪ್ಯಾಡು, ಡಯಾಪರು ಟ್ಯಾಂಕಿಗೇ ಹೋಗುತ್ತವೆ.

ಇಂಗುಗುಂಡಿಯ ವಿಷಯದಲ್ಲಿ ಮಲೆನಾಡಿಗೆ ತನ್ನದೇ ತೊಡಕಿದೆ. ಮಾರ್ಚಿನಲ್ಲಿ ತೋಡಿದ ಗುಂಡಿ ಒಣಗಿರುತ್ತದೆ, ಎಲ್ಲ ಸರಿ ಕಾಣುತ್ತದೆ. ಆಗಸ್ಟಿನಲ್ಲಿ ಒರತೆ ಎದ್ದು ಅದೇ ಗುಂಡಿ ಅಡಿಯಿಂದ ತುಂಬುತ್ತದೆ. ಆಗ ಇಂಗುವುದಿರಲಿ, ಗುಂಡಿಯೇ ಬಾವಿಯ ನೀರಿನೊಂದಿಗೆ ಸೇರಿಹೋಗುತ್ತದೆ. ಆದ್ದರಿಂದ ಪರವಾನಗಿ ಕೊಡುವ ಮೊದಲು ಜಾಗ ನೋಡುವುದಾದರೆ ಜಡಿಮಳೆಯ ಕಾಲದಲ್ಲಿ ನೋಡಿ. ಆಳದ ಗುಂಡಿಯ ಬದಲು ಇಳಿಜಾರಿಗೆ ಅಡ್ಡಲಾಗಿ ಎರಡು ಮೂರು ಅಡಿ ಆಳದ ಉದ್ದನೆಯ ಜಲ್ಲಿ ಕಾಲುವೆ ಮಾಡಿಸಿ. ಬಾವಿಯಿಂದ 60 ಅಡಿಗೂ ಹೆಚ್ಚು ದೂರ, ಬಾವಿಗಿಂತ ತಗ್ಗಿನಲ್ಲಿ. ಬಿರುಕಿನ ಕಲ್ಲಿನ ಜಾಗವಾದರೆ ಇನ್ನೂ ದೂರ.

ಬೇರೆ ಮಾಡಿದ ಸ್ನಾನದ ನೀರಿಗೆ ಜಲ್ಲಿ ಹಾಸಿನ ಗಿಡದ ತೊಟ್ಟಿ ಚೆನ್ನಾಗಿ ಕೆಲಸ ಮಾಡುತ್ತದೆ. ತಲೆಗೆ ಒಂದು ಚದರ ಮೀಟರ್ ಲೆಕ್ಕ. 20 ಜನರಿಗೆ ಹತ್ತು ಮೀಟರ್ ಉದ್ದ, ಎರಡು ಮೀಟರ್ ಅಗಲ, 60 ಸೆಂಟಿಮೀಟರ್ ಆಳ. ತಳಕ್ಕೆ ಸಿಮೆಂಟು ಅಥವಾ ದಪ್ಪ ಟಾರ್ಪಾಲು, ಹತ್ತು ಮೀಟರಿಗೆ ಹತ್ತು ಸೆಂಟಿಮೀಟರ್ ಇಳಿಜಾರು. ಎರಡೂ ತುದಿಯ ಅರ್ಧ ಮೀಟರಿಗೆ ಮುಷ್ಟಿ ಗಾತ್ರದ ಕಲ್ಲು, ನಡುವೆ 20 ಎಂ.ಎಂ. ಜಲ್ಲಿ, ಅದರಲ್ಲಿ ಕ್ಯಾನಾ ಹೂಗಿಡ, ಜೊಂಡು. ಹೊರಬಾಯಿಗೆ ತಿರುಗಿಸಬಲ್ಲ ಮೊಣಕೈ ಪೈಪು ಹಾಕಿ ನೀರಿನ ಮಟ್ಟ ಯಾವಾಗಲೂ ಜಲ್ಲಿಯ ಮೇಲ್ಮೈಗಿಂತ ಎರಡು ಇಂಚು ಕೆಳಗೇ ಇರುವಂತೆ ನೋಡಿಕೊಂಡರೆ ಸೊಳ್ಳೆಯೂ ಇಲ್ಲ, ವಾಸನೆಯೂ ಇಲ್ಲ. ದಿನಕ್ಕೆ 1,600 ಲೀಟರ್ ಬಂದರೆ ನೀರು ಅದರೊಳಗೆ ಎರಡೂವರೆ ದಿನ ನಿಂತು ಸಾಗುತ್ತದೆ. ಹೊರಬಂದ ನೀರನ್ನು ಬಾಳೆಗೆ, ಅಡಿಕೆಗೆ ಬಿಡಬಹುದು. ಸೊಪ್ಪಿನ ಮಡಿಗೆ ಬೇಡ. ಈ ತೊಟ್ಟಿ ಕೆಡುವುದು ಬಹುಮಟ್ಟಿಗೆ ಅಡುಗೆಮನೆಯಿಂದ. ಹಂದಿ, ಕೋಳಿ ಸಾರಿನ ಜಿಡ್ಡು ಜಲ್ಲಿಗೆ ಮೆತ್ತಿಕೊಂಡರೆ ಆರು ತಿಂಗಳಲ್ಲಿ ಬಾಯಿ ಕಟ್ಟುತ್ತದೆ. ಮೊದಲೊಂದು ಚಿಕ್ಕ ಜಿಡ್ಡಿನ ತೊಟ್ಟಿ ಕಟ್ಟಿ, ವಾರಕ್ಕೊಮ್ಮೆ ಮೇಲಿನ ಜಿಡ್ಡನ್ನು ತೆಗೆದು ಗೊಬ್ಬರದ ಗುಂಡಿಗೆ ಹಾಕಬೇಕು. ಸುತ್ತ ಅರ್ಧ ಅಡಿ ಎತ್ತರದ ಕಟ್ಟೆ ಇಲ್ಲದಿದ್ದರೆ ಮಳೆಗಾಲದಲ್ಲಿ ಗುಡ್ಡದ ನೀರು ಕೆಸರಿನೊಂದಿಗೆ ನುಗ್ಗಿ ಜಲ್ಲಿಯೆಲ್ಲ ಮುಚ್ಚಿಹೋಗುತ್ತದೆ.

ಟ್ಯಾಂಕಿನ ಕೆಸರನ್ನು ಎರಡು ಮೂರು ವರ್ಷಕ್ಕೊಮ್ಮೆ ತೆಗೆಸಲೇಬೇಕು, ಯಂತ್ರದಿಂದ. ಮನುಷ್ಯರನ್ನು ಗುಂಡಿಗೆ ಇಳಿಸುವುದು 2013ರ ಕಾಯ್ದೆಯಂತೆ ಅಪರಾಧ, ಒಳಗಿನ ಗಾಳಿ ಎರಡು ಉಸಿರಿಗೆ ಜೀವ ತೆಗೆಯುತ್ತದೆ. ಆದರೆ ಸಕಿಂಗ್ ಲಾರಿ ತೋಟದ ಒಳದಾರಿಗೆ ಬಾರದು. ಟ್ರ್ಯಾಕ್ಟರಿಗೆ ಜೋಡಿಸುವ ಚಿಕ್ಕ ಸಕಿಂಗ್ ಟ್ಯಾಂಕರನ್ನು ಹೋಬಳಿಗೊಂದು ಕೊಳ್ಳಲು ಜಿಲ್ಲಾ ಪಂಚಾಯತಿ ಮುಂದಾಗಲಿ, ಹೀರಿದ್ದನ್ನು ಎಲ್ಲಿ ಸುರಿಯಬೇಕು ಎಂಬುದನ್ನೂ ನಿಗದಿ ಮಾಡಲಿ. ಜಾಗ ನಿಗದಿಯಿಲ್ಲದ ಟ್ಯಾಂಕರು ರಾತ್ರಿ ಹೊತ್ತು ಯಾವುದೋ ಮೋರಿಯ ಬಳಿ ಖಾಲಿಯಾಗುತ್ತದೆ.

ಬಾವಿ ಕೆಟ್ಟಿದೆಯೇ ಎಂದು ತಿಳಿಯಲು ಎಚ್2ಎಸ್ ಎಂಬ ಪರೀಕ್ಷೆಯ ಶೀಶೆ ಸಾಕು. ನೀರು ತುಂಬಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಮಲದ ಸೋಂಕು ಸೇರಿದೆ ಎಂದೇ ತಿಳಿಯಬೇಕು. ಇಲ್ಲಿನ ಚಳಿಯಲ್ಲಿ ಅದನ್ನು ಕಿಟಕಿಯ ಬಳಿ ಇಟ್ಟರೆ ಕಪ್ಪಾಗದೆ ಮೋಸ ಮಾಡುತ್ತದೆ, ಬೆಚ್ಚಗಿನ ಜಾಗದಲ್ಲಿ, ಹಂಡೆ ಒಲೆಯಿಂದ ಒಂದಿಷ್ಟು ದೂರದಲ್ಲಿ ಇಡಬೇಕು. ಪ್ರತಿ ಹೋಂಸ್ಟೇ ಜೂನಿನಲ್ಲೊಮ್ಮೆ, ಆಗಸ್ಟಿನಲ್ಲೊಮ್ಮೆ ಈ ಪರೀಕ್ಷೆ ಮಾಡಿ ಪಂಚಾಯತಿಗೆ ವರದಿ ಕೊಡಬೇಕೆಂಬ ಷರತ್ತು ಪರವಾನಗಿ ನವೀಕರಣಕ್ಕೆ ಸೇರಲಿ. ಕೋಣೆಯ ಸಂಖ್ಯೆಯನ್ನು ಹಾಸಿಗೆ ನೋಡಿ ಕೊಡುವ ಬದಲು ಟ್ಯಾಂಕಿನ ಗಾತ್ರ ನೋಡಿ ಕೊಡಿ. ಎಷ್ಟು ಜನರ ನೀರನ್ನು ಮನೆ ಅರಗಿಸಿಕೊಳ್ಳಬಲ್ಲದೋ ಅಷ್ಟೇ ಅತಿಥಿಗಳು.

ಕುಡಿಯುವ ನೀರಿನ ಬಾಟಲಿಯ ಬಗ್ಗೆ ಚಿಕ್ಕದಾಗಿ. 2016ರಲ್ಲಿ ನಮ್ಮ ರಾಜ್ಯ ಪ್ಲಾಸ್ಟಿಕ್ ಚೀಲ, ಲೋಟ, ತಟ್ಟೆಗಳನ್ನು ನಿಷೇಧಿಸಿತು, 2022ರ ಜುಲೈಯಲ್ಲಿ ದೇಶದ ನಿಷೇಧವೂ ಬಂತು. ದೇಶದ ಆ ಪಟ್ಟಿಯಲ್ಲಿ ನೀರಿನ ಬಾಟಲಿ ಇಲ್ಲ. ನೀಲಗಿರಿಯಲ್ಲಿ 2022ರಿಂದ ಮದ್ಯದ ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಬಾಟಲಿ ಮರಳಿಸಿದಾಗ ಕೊಡುವ ಪದ್ಧತಿ ಇದೆ. ಕೈಮರದಲ್ಲಿ ನೀರಿನ ಬಾಟಲಿಗೂ ಇದನ್ನು ಮಾಡಬಹುದು. ಆದರೆ ಗೇಟಿನಲ್ಲಿ ಚಿಲ್ಲರೆ ಎಣಿಸುತ್ತ ಕೂತರೆ ಸಾಲು ಬೆಳೆಯುತ್ತದೆ. ಠೇವಣಿಯನ್ನು ಆನ್‌ಲೈನ್ ನೋಂದಣಿಯಲ್ಲೇ ಕಟ್ಟಿಸಿಕೊಳ್ಳಿ, ಮಳೆಗೆ ಕಿತ್ತುಬರದ ಚೀಟಿ ಅಂಟಿಸಿ. ಜೊತೆಗೆ ಮೇಲೂ ಕೆಳಗೂ ನೀರಿನ ನಲ್ಲಿ ಇರಬೇಕು. ಗುಡ್ಡದ ಒರತೆ ನೀರಿಗೆ ಆರ್‌ಒ ಬೇಡ. ಅದರಲ್ಲಿ ಲವಣವೇ ಕಡಿಮೆ, ಆರ್‌ಒ ಹಾಕಿದರೆ ಒಂದು ಲೀಟರಿಗೆ ಎರಡು ಲೀಟರ್ ಚರಂಡಿಗೆ ಹೋಗುತ್ತದೆ. ಕೆಸರು ಹಿಡಿಯುವ ಫಿಲ್ಟರು, ಯುವಿ ದೀಪ ಸಾಕು. ಮಳೆಗಾಲದಲ್ಲಿ ಫಿಲ್ಟರನ್ನು ವಾರಕ್ಕೊಮ್ಮೆ ತೊಳೆಯಬೇಕು, ದೀಪವನ್ನು ವರ್ಷಕ್ಕೊಮ್ಮೆ ಬದಲಿಸಬೇಕು, ಉರಿಯುತ್ತಿದ್ದರೂ ಸರಿ. ಬೆಳಕು ಕಂಡರೂ ಕ್ರಿಮಿ ಕೊಲ್ಲುವ ಶಕ್ತಿ ಅಷ್ಟರಲ್ಲಿ ಇಳಿದಿರುತ್ತದೆ.

ಬಿಸಿನೀರಿಗೆ ಸೋಲಾರು ಮಳೆಗಾಲದ ಮೂರು ತಿಂಗಳು ಕೈಕೊಡುತ್ತದೆ, ಆಗ ಕಾಫಿ ಗಿಡ ಸವರಿದಾಗ ಸಿಗುವ ಕಡ್ಡಿ, ಸಿಲ್ವರ್ ಓಕ್ ಕೊಂಬೆಯಿಂದ ಉರಿಯುವ ಬಾಯ್ಲರು ಇರಲಿ. ಕ್ಯಾಂಪ್‌ಫೈರಿಗೂ ಅದೇ ಸೌದೆ, ಕಾಡಿನ ಮರವಲ್ಲ. ರಾತ್ರಿ ಹತ್ತರ ನಂತರ ಧ್ವನಿವರ್ಧಕಕ್ಕೆ ಕಾನೂನೇ ಒಪ್ಪುವುದಿಲ್ಲ, ಅದನ್ನು ಜಾರಿಗೆ ತನ್ನಿ. ಉಂಬಳಕ್ಕೆ, ಅಂದರೆ ಜಿಗಣೆಗೆ, ಹೆದರಿ ಚಾರಣದ ದಾರಿಯುದ್ದಕ್ಕೂ ಉಪ್ಪು ಚೆಲ್ಲುವುದು ಬೇಡ, ಮೊಣಕಾಲವರೆಗಿನ ದಟ್ಟ ನೇಯ್ಗೆಯ ಕಾಲುಚೀಲ ಸಾಕು.

ಹಾಸನ ಜಿಲ್ಲಾಡಳಿತಕ್ಕೂ ಈ ಪತ್ರದ ಪ್ರತಿ ಕಳಿಸುತ್ತಿದ್ದೇವೆ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಹಳಿಯ ಮೇಲೆ ಚಾರಣ ಹೋಗುವುದು ರೈಲ್ವೆ ಕಾಯ್ದೆಯಡಿ ಅಪರಾಧ, ಸುರಂಗದೊಳಗೆ ರೈಲು ಬಂದರೆ ಪಕ್ಕಕ್ಕೆ ಸರಿಯಲು ಜಾಗವೂ ಕಡಿಮೆ. ಅದೇ ಘಾಟಿಯನ್ನು ಯಶವಂತಪುರ–ಮಂಗಳೂರು ಹಗಲು ರೈಲಿನ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಯಲ್ಲಿ ಕೂತು ನೋಡಬಹುದು ಎಂಬುದನ್ನು ಪ್ರಚಾರ ಮಾಡಿ. 2023ರಲ್ಲಿ ಬೇಲೂರು, ಹಳೇಬೀಡು ಯುನೆಸ್ಕೊ ಪಟ್ಟಿ ಸೇರಿದವು. ಎರಡರ ನಡುವೆ 16 ಕಿ.ಮೀ. ಸಮತಟ್ಟಿನ ದಾರಿ. ಅಲ್ಲಿ ಬಾಡಿಗೆ ಸೈಕಲ್ಲು, ಅರ್ಧ ಗಂಟೆಗೊಂದು ಬಸ್ಸು ಇಟ್ಟು, ಹೊಯ್ಸಳ ದೇಗುಲಗಳಿರುವ ಬೆಳವಾಡಿಯನ್ನೂ ಅಂಗಡಿ ಎಂಬ ಊರನ್ನೂ ಅಮೃತಾಪುರವನ್ನೂ ಬಸ್ಸಿನ ವೇಳಾಪಟ್ಟಿಯೊಂದಿಗೆ ಒಂದೇ ಹಾಳೆಯಲ್ಲಿ ಅಚ್ಚುಹಾಕಿ ಹಂಚಿದರೆ ಗಿರಿಗೆ ನೋಂದಣಿ ಸಿಗದವರು ರಜೆ ಹಾಳಾಯಿತೆಂದು ಮರಳಬೇಕಾಗಿಲ್ಲ.

ನಮ್ಮ ಕೋರಿಕೆ ಇಷ್ಟು. ಈ ಮಳೆಗಾಲ ಮುಗಿಯುವುದರೊಳಗೆ ಪಕ್ಕ ಕೊಡುವ ತಿರುವುಗಳನ್ನು ಅಳೆದು ಗುರುತು ಹಾಕಿಸಿ. ದಸರಾ ರಜೆಯ ಒಂದು ವಾರಾಂತ್ಯದ ಬೆಳಗಿನ ಪಾಳಿಯಲ್ಲಿ ಮಾತ್ರ, ಹತ್ತು ಬಸ್ಸಿನಿಂದ ಪ್ರಯೋಗ ಮಾಡಿ. ಹತ್ತು ಬಸ್ಸು ಮೂರು ಸುತ್ತಿನಲ್ಲಿ 750 ಜನರನ್ನು ಒಯ್ಯುತ್ತವೆ. ಅಂದಿನ ಕಾರಿನ ನೋಂದಣಿಯಲ್ಲಿ 250ನ್ನು ಇಳಿಸಿ. ಎಷ್ಟು ಹೊತ್ತಿಗೆ ಯಾವ ಬಸ್ಸು ಎಲ್ಲಿ ನಿಂತಿತು, ಮೇಲೆ ಜನ ಎಷ್ಟು ನಿಮಿಷ ಕಾದರು ಎಂಬುದನ್ನು ಬರೆದಿಡಲು ಎರಡು ತುದಿಯಲ್ಲೂ ಕೈಗಡಿಯಾರ, ಪುಸ್ತಕ ಹಿಡಿದು ನಾವು ನಿಲ್ಲುತ್ತೇವೆ. ಆಗಸ್ಟಿನಲ್ಲಿ ಪಂಚಾಯತಿಯವರು ಇಂಗುಗುಂಡಿ ನೋಡಲು ಹೊರಟರೆ ಅಳತೆಪಟ್ಟಿಯೊಂದಿಗೆ ಅವರ ಜೊತೆಗೂ ಬರುತ್ತೇವೆ. ದಿನಾಂಕ ತಿಳಿಸಿ.

ಇಂತಿ ತಮ್ಮ ವಿಶ್ವಾಸಿಗಳು,
ಗಿರಿಯ ರಸ್ತೆ, ತೋಟ, ನೀರು ಮತ್ತು ನೈರ್ಮಲ್ಯದ ಕೆಲಸದಲ್ಲಿ ತೊಡಗಿರುವವರು
ಚಿಕ್ಕಮಗಳೂರು